ತೋಟದ ಕ್ಯಾನಿನ ಡೀಸೆಲ್ ಕಾರಿಗೆ ಬೇಡ

ಕಳೆದ ವರ್ಷ ಆರಿದ್ರಾ ಮಳೆ ಹಿಡಿದಿದ್ದಾಗ ತೀರ್ಥಹಳ್ಳಿ ಕಡೆಯ ಅಡಿಕೆ ಬೆಳೆಗಾರರೊಬ್ಬರ ಕಾರನ್ನು ಶಿವಮೊಗ್ಗದ ನಮ್ಮ ಗ್ಯಾರೇಜಿಗೆ ಎಳೆದು ತಂದರು. "ಎಂತದು ಮಾರಾಯ, ನಿನ್ನೆ ರಾತ್ರಿವರೆಗೂ ಸರಿ ಇತ್ತು. ಬೆಳಿಗ್ಗೆ ಒಂದು ಮೈಲಿ ಹೋಗೋದ್ರೊಳಗೆ ಕೆಮ್ಮಿ ಕೆಮ್ಮಿ ನಿಂತೇ ಹೋಯ್ತು" ಅಂದರು. ಡೀಸೆಲ್ ಫಿಲ್ಟರಿನ ಅಡಿಯ ಸ್ಕ್ರೂ ಸಡಿಲಿಸಿ, ಬಂದದ್ದನ್ನು ಗಾಜಿನ ಬಾಟಲಿಗೆ ಹಿಡಿದೆ. ಐದು ನಿಮಿಷ ಬಿಟ್ಟು ನೋಡಿದರೆ ತಳದಲ್ಲಿ ಎರಡು ಬೆರಳು ನೀರು, ಮೇಲೆ ಡೀಸೆಲ್. ಅವರು ಬಂಕಿನವರನ್ನು ಬೈಯಲು ಶುರು ಮಾಡಿದರು. ಎಲ್ಲಿ ಹಾಕಿಸಿದ್ದು ಅಂತ ಕೇಳಿದೆ. ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, "ಮಳೆ ಜೋರಿತ್ತಲ್ಲ, ಟಿಲ್ಲರಿಗೆ ಅಂತ ಇಟ್ಟಿದ್ದ ಕ್ಯಾನಿಂದ ಹತ್ತು ಲೀಟರ್ ಹಾಕಿದ್ದೆ" ಅಂದರು.

ಮಲೆನಾಡಿನಲ್ಲಿ ಈ ಕ್ಯಾನು ಇಲ್ಲದ ಮನೆ ಕಡಿಮೆ. ಕೊಟ್ಟಿಗೆ ಮೂಲೆಯಲ್ಲಿ ಅರ್ಧ ಖಾಲಿಯಾಗಿ ಕೂತಿರುತ್ತದೆ. ಖಾಲಿ ಅರ್ಧದಲ್ಲಿ ಇರುವುದು ತೇವದ ಗಾಳಿ. ರಾತ್ರಿ ತಣ್ಣಗಾದಾಗ ಆ ತೇವ ಹನಿಯಾಗಿ ಕ್ಯಾನಿನ ಗೋಡೆಗೆ ಕೂರುತ್ತದೆ, ಇಳಿದು ತಳ ಸೇರುತ್ತದೆ. ನೀರು ಡೀಸೆಲ್‌ಗಿಂತ ಭಾರ, ಅಲ್ವಾ? ಮುಚ್ಚಳ ಸಡಿಲ ಇದ್ದರಂತೂ ಕೇಳುವುದೇ ಬೇಡ. ತಿಂಗಳುಗಟ್ಟಲೆ ಹಾಗೇ ಬಿಟ್ಟರೆ ನೀರು ಮತ್ತು ಡೀಸೆಲ್ ಕೂಡುವ ಜಾಗದಲ್ಲಿ ಸೂಕ್ಷ್ಮಜೀವಿಗಳು ಬೆಳೆದು ಕಪ್ಪು ಲೋಳೆ ಕಟ್ಟುತ್ತದೆ.

ಹಳೇ ಕಾಲದ ಪಂಪಿನ ಟಿಲ್ಲರ್ ಇದನ್ನು ಸ್ವಲ್ಪ ಮಟ್ಟಿಗೆ ತಡೆದುಕೊಳ್ಳುತ್ತದೆ. ಕಾರು ತಡೆಯುವುದಿಲ್ಲ. ಈಗಿನ ಡೀಸೆಲ್ ಕಾರುಗಳಲ್ಲಿ ಇರುವುದು ಕಾಮನ್ ರೈಲ್, ಅಂದರೆ ಇಂಜಿನ್ನಿಗೆ ಡೀಸೆಲ್ ಚಿಮುಕಿಸುವ ಇಂಜೆಕ್ಟರುಗಳಿಗೆಲ್ಲ ಒಂದೇ ಕೊಳವೆ. ಅದರೊಳಗೆ ಡೀಸೆಲ್ ಒತ್ತಡ 1600 ಬಾರ್, ಕೆಲವದರಲ್ಲಿ ಇನ್ನೂ ಜಾಸ್ತಿ. ನಿಮ್ಮ ಟೈರಿನಲ್ಲಿರುವ ಗಾಳಿ ಎರಡು ಬಾರ್‌ಗಿಂತ ಚೂರು ಹೆಚ್ಚು, ಅಷ್ಟೇ. ಇಂಥ ಒತ್ತಡ ತಡೆಯಬೇಕೆಂದರೆ ಪಂಪು ಮತ್ತು ಇಂಜೆಕ್ಟರಿನ ಭಾಗಗಳ ನಡುವೆ ತಲೆಕೂದಲಿಗಿಂತ ಎಷ್ಟೋ ಪಾಲು ಕಿರಿದಾದ ಸಂದು ಇರಬೇಕು. ಅಲ್ಲಿ ಎಣ್ಣೆಯ ಕೆಲಸ ಮಾಡುವುದೂ ಡೀಸೆಲ್ಲೇ. ನೀರು ಹೊಕ್ಕರೆ ಜಾರಿಕೆ ಹೋಗುತ್ತದೆ, ತುಕ್ಕು ಬರುತ್ತದೆ. ನಾಲ್ಕೂ ಇಂಜೆಕ್ಟರ್ ಹೋದವೋ, ಒಂದು ಕ್ವಿಂಟಾಲ್ ರಾಶಿ ಇಡಿ ಅಡಿಕೆ ಮಾರಿ ಬಂದ ದುಡ್ಡು ನನ್ನ ಗ್ಯಾರೇಜಿಗೆ ಬಂತು ಅಂತಲೇ ಲೆಕ್ಕ. ಆ ದುಡ್ಡು ನನಗೂ ಬೇಡ.

ಆದ್ದರಿಂದ ಮಳೆಗಾಲದಲ್ಲಿ ಬಂಕಿನಿಂದ ನೇರ ಟ್ಯಾಂಕಿಗೆ ಹಾಕಿಸಿ. ಕಾರು ವಾರಗಟ್ಟಲೆ ನಿಲ್ಲುವುದಿದ್ದರೆ ಟ್ಯಾಂಕ್ ತುಂಬಿಸಿಟ್ಟು ನಿಲ್ಲಿಸಿ, ಒಳಗೆ ತೇವಕ್ಕೆ ಜಾಗ ಇರಬಾರದು. ಫಿಲ್ಟರಿನಲ್ಲಿ ನೀರು ಬಿಡುವ ಸ್ಕ್ರೂ ಇರುವ ಕಾರಾದರೆ ಮಳೆಗಾಲದಲ್ಲಿ ತಿಂಗಳಿಗೊಮ್ಮೆ ಬಿಟ್ಟು ನೋಡಿ. ಮೀಟರ್ ಬೋರ್ಡಿನಲ್ಲಿ ಫಿಲ್ಟರಿನ ಕೆಳಗೆ ಹನಿ ಬಿದ್ದಂಥ ಗುರುತು ಹತ್ತಿದರೆ "ಊರಿಗೆ ಹೋಗಿ ತೋರಿಸಿದರಾಯ್ತು" ಅನ್ನಬೇಡಿ, ಅಲ್ಲೇ ನಿಲ್ಲಿಸಿ. ಇನ್ನೊಂದು ಮಾತು. ಫಿಲ್ಟರ್ ಬಿಚ್ಚಿ ಹಾಕಿದ ಮೇಲೆ ಲೈನಿಗೆ ಗಾಳಿ ಸೇರಿ ಏರ್ ಲಾಕ್ ಆಗುತ್ತದೆ. ಲೈನಿನಲ್ಲಿ ರಬ್ಬರಿನ ಕೈಪಂಪು ಇದ್ದರೆ ಗಟ್ಟಿಯಾಗುವವರೆಗೆ ಒತ್ತಿ. ಸುಮ್ನೆ ಸೆಲ್ಫ್ ಹೊಡೆಯುತ್ತಾ ಕೂತರೆ ಬ್ಯಾಟರಿ ಇಳಿಯುತ್ತದೆ, ಸ್ಟಾರ್ಟರ್ ಮೋಟರೂ ಸುಡಬಹುದು. ಹಳೇ ಲಾರಿ ಕಲಿತವರು ಇಂಜೆಕ್ಟರಿನ ಪೈಪ್ ಸಡಿಲಿಸಿ ಗಾಳಿ ತೆಗೆಯಲು ಹೋಗುತ್ತಾರೆ. ಕಾಮನ್ ರೈಲ್ ಗಾಡಿಯಲ್ಲಿ ಅದು ಬೇಡವೇ ಬೇಡ. ಆ ಒತ್ತಡದಲ್ಲಿ ಚಿಮ್ಮುವ ಡೀಸೆಲ್ ಚರ್ಮ ಸೀಳಿ ಒಳಗೆ ಹೋಗುತ್ತದೆ.

ಪೇಟೆಯವರ ತೊಂದರೆ ಬೇರೆ. ವಿನೋಬನಗರದಿಂದ ಮಗುವನ್ನು ಶಾಲೆಗೆ ಬಿಟ್ಟು, ಗಾಂಧಿ ಬಜಾರಿಗೆ ಹೋಗಿ, ಮನೆಗೆ ಬರುವುದು. ಇಷ್ಟಕ್ಕೇ ಡೀಸೆಲ್ ಕಾರು ಇಟ್ಟವರು ಬಹಳ ಮಂದಿ ಇದ್ದಾರೆ. ತಿಂಗಳಿಗೊಮ್ಮೆ ಮೀಟರ್ ಬೋರ್ಡಿನ ಡಿಪಿಎಫ್ ದೀಪ ಹತ್ತಿಸಿಕೊಂಡು ನನ್ನ ಹತ್ತಿರ ಬರುತ್ತಾರೆ. 2020ರ ಏಪ್ರಿಲ್‌ನಿಂದ ಬಂದ, ಬಿಎಸ್6 ಅನ್ನುವ ಹೊಗೆ ನಿಯಮದ ಡೀಸೆಲ್ ಕಾರುಗಳ ಸೈಲೆನ್ಸರ್ ಲೈನಿನಲ್ಲಿ ಮಸಿ ಹಿಡಿಯುವ ಜಾಲರಿಯಂಥ ಫಿಲ್ಟರ್ ಇದೆ. ಅದೇ ಡಿಪಿಎಫ್. ಹಿಡಿದ ಮಸಿಯನ್ನು ಅದು ಆಗಾಗ ಸುಟ್ಟುಕೊಳ್ಳಬೇಕು. ಅದಕ್ಕೆ ಸುಮಾರು 600 ಡಿಗ್ರಿ ಶಾಖ ಬೇಕು. ಶಾಖ ಏರಿಸಲು ಇಂಜಿನ್ ಒಂಚೂರು ಹೆಚ್ಚು ಡೀಸೆಲ್ ಹಾಯಿಸುತ್ತದೆ. ಈ ಕೆಲಸ ಮುಗಿಯಲು ಕಾಲು ಗಂಟೆಯೋ ಇಪ್ಪತ್ತು ನಿಮಿಷವೋ ಬೇಕು. ನೀವು ಐದೇ ನಿಮಿಷಕ್ಕೆ ಶಾಲೆ ಮುಂದೆ ಆಫ್ ಮಾಡಿದಿರಿ. ಮಾರನೇ ದಿನವೂ ಅದೇ. ಮಸಿ ಉಳಿಯಿತು, ಸುಡದೆ ಉಳಿದ ಡೀಸೆಲ್ ಇಂಜಿನ್ ಆಯಿಲ್‌ಗೆ ಇಳಿಯಿತು. ಡಿಪ್‌ಸ್ಟಿಕ್ ತೆಗೆದು ನೋಡಿ. ಯಾರೂ ಹಾಕದೆ ಆಯಿಲ್ ಮಟ್ಟ ಮೇಲೆ ಬಂದಿದ್ದರೆ ಖುಷಿಪಡಬೇಡಿ. ಅದು ತೆಳ್ಳಗಾದ ಆಯಿಲ್, ಬೇರಿಂಗ್ ಮತ್ತು ಇಂಜಿನ್ನಿಗೆ ಗಾಳಿ ತುರುಕುವ ಟರ್ಬೋ ಎರಡನ್ನೂ ತಿನ್ನುತ್ತದೆ.

ಇದಕ್ಕೆ ನಾನು ಬರೆದುಕೊಡುವ ಚೀಟಿ ಒಂದೇ: ವಾರಕ್ಕೊಮ್ಮೆ ಸಾಗರ ರಸ್ತೆ ಹಿಡಿದು ಆಯನೂರು ದಾಟಿ ಕುಂಸಿವರೆಗೆ ಹೋಗಿ, ಒಂದು ಟೀ ಕುಡಿದು ಬನ್ನಿ. ಅರವತ್ತರ ಮೇಲಿನ ವೇಗ, ಒಂದು ಗೇರು ಕಡಿಮೆ, ಇಂಜಿನ್ ನಿಮಿಷಕ್ಕೆ 2000 ಸುತ್ತಿನ ಆಸುಪಾಸು. ದೀಪ ಆಗಷ್ಟೇ ಹತ್ತಿದ್ದರೆ ಬಹುಪಾಲು ಇಷ್ಟಕ್ಕೇ ಆರುತ್ತದೆ. ಆರದೆ ಪಿಕಪ್ಪೂ ಹೋದರೆ ಸ್ಕ್ಯಾನರ್ ಹಾಕಿಸಿ. ಡಿಪಿಎಫ್ ಕೊಯ್ದು ತೆಗೆದು ಪೈಪ್ ಹಾಕಿಕೊಡುತ್ತೇವೆ ಅನ್ನುವವರೂ ಇದ್ದಾರೆ. ಅದು ಕಾನೂನಿಗೆ ವಿರುದ್ಧ, ನಾನು ಮುಟ್ಟುವುದಿಲ್ಲ. ಆಯಿಲ್ ಕೂಡ ಕಾರಿನ ಪುಸ್ತಕದಲ್ಲಿ ಬರೆದಿರುವ ದರ್ಜೆಯದ್ದೇ ಇರಲಿ. ಬೂದಿ ಹೆಚ್ಚು ಬಿಡುವ ಆಯಿಲ್ ಹಾಕಿದರೆ ಆ ಬೂದಿ ಡಿಪಿಎಫ್‌ನಲ್ಲೇ ಕೂರುತ್ತದೆ, ಸುಟ್ಟರೂ ಹೋಗುವುದಿಲ್ಲ. ಹೇಳಬೇಕೆಂದರೆ, ದಿನಕ್ಕೆ ನಾಲ್ಕು ಕಿಲೋಮೀಟರ್ ಓಡಿಸುವವರು ಡೀಸೆಲ್ ಕಾರು ತಗೊಳ್ಳಲೇಬಾರದಿತ್ತು. ತಗೊಂಡಾಗಿದೆ, ಕುಂಸಿಗೆ ಹೋಗಿ ಬನ್ನಿ.

ದೊಡ್ಡ ಇಂಜಿನ್ನಿನ ಕೆಲವು ಬಿಎಸ್6 ಕಾರುಗಳಲ್ಲಿ ಹೊಗೆ ಶುದ್ಧ ಮಾಡುವ ವ್ಯವಸ್ಥೆಗೆ ಡಿಇಎಫ್ ಅನ್ನುವ ದ್ರವವನ್ನೂ ಹಾಕಬೇಕು. ಅದರಲ್ಲಿ 32.5 ಶೇಕಡಾ ಯೂರಿಯಾ, ಉಳಿದದ್ದು ಶುದ್ಧ ನೀರು. ಇದನ್ನು ಹೇಳಿದ ತಕ್ಷಣ ಒಬ್ಬರು, "ಹಾಗಾದ್ರೆ ಗೊಬ್ಬರದ ಯೂರಿಯಾ ಕರಗಿಸಿ ಹಾಕಬಹುದಾ?" ಅಂತ ಕೇಳಿದ್ದರು. ತಮಾಷೆಗಲ್ಲ, ನಿಜವಾಗಿಯೇ. ಹಾಕಬೇಡಿ. ಗೊಬ್ಬರದಲ್ಲಿರುವ ಕಲ್ಮಶ ಆ ವ್ಯವಸ್ಥೆಯನ್ನು ಪೂರ್ತಿ ಕಟ್ಟಿಹಾಕುತ್ತದೆ. ಡಿಇಎಫ್ ಅನ್ನು ಮರೆತು ಡೀಸೆಲ್ ಟ್ಯಾಂಕಿಗೆ ಸುರಿದರೆ ಕೀಲಿಯನ್ನೂ ತಿರುಗಿಸಬೇಡಿ, ಟ್ಯಾಂಕ್ ಖಾಲಿ ಮಾಡಿಸಿ.

ಹೊಗೆಯ ಬಣ್ಣ ನೋಡಿ ಫೋನ್ ಮಾಡಿದರೆ ನನಗೆ ಅರ್ಧ ಕೆಲಸ ಉಳಿಯುತ್ತದೆ. ಕಪ್ಪಾದರೆ ಗಾಳಿ ಕಮ್ಮಿ ಅಥವಾ ಡೀಸೆಲ್ ಜಾಸ್ತಿ. ಮೊದಲು ಏರ್ ಫಿಲ್ಟರ್, ಆಮೇಲೆ ಟರ್ಬೋ ಹೋಸ್ ಸೀಳಿದೆಯಾ ನೋಡಿ. ಏರು ಹತ್ತುವಾಗ ಸುಯ್ ಅನ್ನುವ ಸದ್ದು ಕೇಳಿ ಪಿಕಪ್ ಹೋದರೆ ಹೆಚ್ಚಾಗಿ ಅದೇ ಹೋಸು. ನೀಲಿಯಾದರೆ ಆಯಿಲ್ ಸುಡುತ್ತಿದೆ. ಡಿಸೆಂಬರ್ ಬೆಳಿಗ್ಗೆ ಬಿಳಿ ಹೊಗೆ ಬಿಟ್ಟು, ನಡುಗಿ ಸ್ಟಾರ್ಟ್ ಆಗಿ, ಆಮೇಲೆ ಸರಿಹೋದರೆ ಹೀಟರ್ ಪ್ಲಗ್ ನೋಡಿಸಿ. ಬಿಸಿಯಾದ ಮೇಲೂ ಬಿಳಿ ನಿಲ್ಲದೆ, ಕೂಲೆಂಟ್ ಕೂಡ ಇಳಿಯುತ್ತಿದ್ದರೆ ಗಾಡಿ ನಿಲ್ಲಿಸಿ.

ಇನ್ನು ಘಾಟಿ. ಆಗುಂಬೆಯ 14 ತಿರುವುಗಳನ್ನು ಇಳಿದು ಸೋಮೇಶ್ವರ ಮುಟ್ಟುವಷ್ಟರಲ್ಲಿ ಚಕ್ರದಿಂದ ಸುಟ್ಟ ವಾಸನೆ ಬಂದರೆ ನೀವು ಬ್ರೇಕಿನ ಮೇಲೇ ಇಳಿದಿದ್ದೀರಿ. ಯಾವ ಗೇರಿನಲ್ಲಿ ಹತ್ತುತ್ತೀರೋ ಅದರಲ್ಲೇ ಇಳಿಯಿರಿ, ಹೆಚ್ಚಿನ ಕಡೆ ಎರಡನೇ ಗೇರು. ಡೀಸೆಲ್ ಉಳಿಯುತ್ತದೆ ಅಂತ ನ್ಯೂಟ್ರಲ್ ಮಾಡುವವರು ಒಂದು ವಿಷಯ ತಿಳಿಯಬೇಕು. ಗೇರಿನಲ್ಲಿದ್ದು ಆಕ್ಸಲರೇಟರ್ ಬಿಟ್ಟರೆ ಇಂಜಿನ್ನಿಗೆ ಡೀಸೆಲ್ ಹೋಗುವುದೇ ನಿಲ್ಲುತ್ತದೆ, ನ್ಯೂಟ್ರಲ್‌ನಲ್ಲಿ ಐಡ್ಲಿಂಗ್‌ಗೆ ಬೇಕಾದಷ್ಟು ಸುಡುತ್ತಲೇ ಇರುತ್ತದೆ. ಕೀಲಿ ಆಫ್ ಮಾಡಿ ಇಳಿಯುವುದಂತೂ ಹುಚ್ಚುತನ. ಬ್ರೇಕಿಗೆ ಸಹಾಯ ಮಾಡುವ ವ್ಯಾಕ್ಯೂಮ್ ಪಂಪನ್ನು ತಿರುಗಿಸುವುದು ಇಂಜಿನ್ನೇ.

ಬ್ರೇಕ್ ಆಯಿಲ್ ಎರಡು ವರ್ಷಕ್ಕೊಮ್ಮೆ ಬದಲಿಸಿ. ನಮ್ಮೂರಿನ ಹವೆಯಲ್ಲಿ ಅದು ಸುಮ್ಮನೆ ಕೂತಲ್ಲೇ ತೇವ ಹೀರುತ್ತದೆ. ಡಾಟ್ 4 ಆಯಿಲ್ ಹೊಸದಿದ್ದಾಗ ಕುದಿಯಲು ಕನಿಷ್ಠ 230 ಡಿಗ್ರಿ ಬೇಕು, ತೇವ ಹೀರಿದ ಮೇಲೆ 155ಕ್ಕೇ ಕುದಿಯಬಹುದು. ಕುದಿದರೆ ಪೆಡಲ್ ಹತ್ತಿ ಒತ್ತಿದ ಹಾಗೆ ಕೆಳಗೆ ಹೋಗುತ್ತದೆ. ಹುಲಿಕಲ್ ಘಾಟಿಯ ನಡುವೆ ಹಾಗಾದರೆ ಹೇಗಿರುತ್ತದೆ ಅಂತ ನಾನು ವಿವರಿಸಬೇಕಿಲ್ಲ.

ಕೊನೆಯದು ನನ್ನದೇ ತಪ್ಪು. ಕೆಲಸ ಕಲಿಯುವ ಕಾಲ. ಹಳ್ಳದ ನೀರು ರಸ್ತೆಗೆ ಬಂದಿತ್ತು. ಗಿರಾಕಿಯ ಜೀಪು ನೀರಿನ ಮಧ್ಯೆ ನಿಂತಿತು. ಜೊತೆಗಿದ್ದ ನಾನು ಧೈರ್ಯವಾಗಿ ಸೆಲ್ಫ್ ಹೊಡೆದೆ. ಟಕ್ ಅಂತ ಒಂದೇ ಸದ್ದು, ಒಳಗೆ ಕನೆಕ್ಟಿಂಗ್ ರಾಡ್ ಬಗ್ಗಿತ್ತು. ಡೀಸೆಲ್ ಇಂಜಿನ್ ಗಾಳಿಯನ್ನು ಹದಿನಾರು ಹದಿನೇಳು ಪಾಲು ಒತ್ತುತ್ತದೆ. 1.3 ಲೀಟರಿನ ನಾಲ್ಕು ಸಿಲಿಂಡರ್ ಇಂಜಿನ್ ಆದರೆ ಪಿಸ್ಟನ್ ಮೇಲೆ ಬಂದಾಗ ಒಂದೊಂದು ಸಿಲಿಂಡರಿನಲ್ಲಿ ಉಳಿಯುವ ಜಾಗ ಹೆಚ್ಚುಕಡಿಮೆ 20 ಮಿಲಿಲೀಟರ್. ಗಾಳಿ ಕುಗ್ಗುತ್ತದೆ, ನೀರು ಕುಗ್ಗುವುದಿಲ್ಲ. ನಾಲ್ಕು ಟೀ ಚಮಚ ನೀರು ಹೋದರೆ ಸಾಕು.

ನೀರಿನಲ್ಲಿ ನಿಂತ ಗಾಡಿಗೆ ಮತ್ತೆ ಸೆಲ್ಫ್ ಹೊಡೆಯಬೇಡಿ, ತಳ್ಳಿಯೂ ಸ್ಟಾರ್ಟ್ ಮಾಡಬೇಡಿ. ನ್ಯೂಟ್ರಲ್ ಮಾಡಿ ನೀರಿನಿಂದ ಆಚೆ ತಳ್ಳಿ, ಬ್ಯಾಟರಿ ವಯರ್ ಬಿಚ್ಚಿ. ಏರ್ ಫಿಲ್ಟರಿನ ಡಬ್ಬಿ ತೆಗೆದು ಕೈ ಹಾಕಿ ನೋಡಿ. ಫಿಲ್ಟರ್ ಒದ್ದೆಯಾಗಿದ್ದರೆ ಟೋ ಗಾಡಿಗೆ ಫೋನ್ ಮಾಡಿ, ಅದು ಬರುವವರೆಗೆ ಕೀಲಿಯನ್ನು ಜೇಬಿನಲ್ಲಿ ಇಟ್ಟುಕೊಳ್ಳಿ.