ಏಳಡಿ ಹುಡುಗನಿಗಾಗಿ ಎಷ್ಟು ದಿನ ಕಾಯೋದು?

ಅಮೆರಿಕದ ವೃತ್ತಿಪರ ಬ್ಯಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎಯ ಅಭಿಮಾನಿಗಳ ನಡುವೆ ಮುಗಿಯದ ಜಗಳವೊಂದಿದೆ. ಏಳಡಿ ಆಸುಪಾಸಿನ ಹುಡುಗನೊಬ್ಬ ತಂಡಕ್ಕೆ ಬರುತ್ತಾನೆ. ಓಡುತ್ತಾನೆ, ಎಗರುತ್ತಾನೆ, ಆದರೆ ಚೆಂಡು ಕೈಗೆ ಬಂದರೆ ಏನು ಮಾಡಬೇಕೆಂದು ತೋಚುವುದಿಲ್ಲ. 'ಇನ್ನೂ ಚಿಕ್ಕವನು, ಎರಡು ವರ್ಷ ಕೊಡಿ' ಎನ್ನುತ್ತದೆ ಒಂದು ಗುಂಪು. 'ಎರಡು ವರ್ಷದಿಂದ ಇದನ್ನೇ ಕೇಳ್ತಿದ್ದೀವಿ' ಎನ್ನುತ್ತದೆ ಇನ್ನೊಂದು. ಒಬ್ಬರಿಗೆ ಅವನು 'ಅಪ್‌ಸೈಡ್' (ಮುಂದೆ ಬೆಳೆಯಬಲ್ಲವನು), ಮತ್ತೊಬ್ಬರಿಗೆ 'ಬಸ್ಟ್' (ನಿರೀಕ್ಷೆ ಹುಸಿ ಮಾಡಿದವನು). ನಡುವೆ 'ಪ್ರಾಜೆಕ್ಟ್' ಅಂತ ಒಂದು ಪದವಿದೆ. ಮನೆ ಕಟ್ಟಿಸುವಾಗ ಮೇಸ್ತ್ರಿ 'ಆಗ್ತಾ ಇದೆ ಸಾರ್' ಅಂತಾನಲ್ಲ, ಹೆಚ್ಚುಕಡಿಮೆ ಅದೇ ಅರ್ಥ.

ಈ ಆಸೆಗೆ ನೀರೆರೆದವರಲ್ಲಿ ಹಕೀಮ್ ಒಲಾಜುವಾನ್ ಮುಖ್ಯರು. ಲಾಗೋಸ್‌ನಲ್ಲಿ ಫುಟ್‌ಬಾಲ್, ಹ್ಯಾಂಡ್‌ಬಾಲ್ ಆಡಿಕೊಂಡಿದ್ದ ಹುಡುಗ ಬ್ಯಾಸ್ಕೆಟ್‌ಬಾಲ್ ಹಿಡಿದದ್ದು 15ರ ಆಸುಪಾಸಿನಲ್ಲಿ. 1984ರ ಡ್ರಾಫ್ಟ್‌ನಲ್ಲಿ, ಅಂದರೆ ತಂಡಗಳು ಸರದಿಯಂತೆ ಹೊಸಬರನ್ನು ಆರಿಸಿಕೊಳ್ಳುವಾಗ, ಹ್ಯೂಸ್ಟನ್ ತಂಡ ಅವರನ್ನು ಮೊದಲನೆಯವರಾಗಿ ಆರಿಸಿತು. 1994 ಮತ್ತು 1995ರಲ್ಲಿ ಪ್ರಶಸ್ತಿಯೂ ಬಂತು. ತಡವಾಗಿ ಆಟ ಕಲಿತ ಎತ್ತರದ ಹುಡುಗ ಕಂಡರೆ ಸಾಕು, ಇಂದಿಗೂ ಅವರ ಹೆಸರು ಬರುತ್ತದೆ. ತಮಾಷೆ ಏನೆಂದರೆ, ಅದೇ ಡ್ರಾಫ್ಟ್‌ನಲ್ಲಿ ಎರಡನೇ ಸರದಿಯ ಪೋರ್ಟ್‌ಲ್ಯಾಂಡ್ ಏಳಡಿಯ ಸ್ಯಾಮ್ ಬೋವಿಯನ್ನು ಆರಿಸಿ ಮೈಕೆಲ್ ಜೋರ್ಡನ್‌ರನ್ನು ಬಿಟ್ಟುಕೊಟ್ಟಿತು. ಬೋವಿಯ ವರ್ಷಗಳು ಕಾಲಿನ ಗಾಯದಲ್ಲೇ ಕಳೆದವು. ಎರಡೂ ಗುಂಪಿಗೆ ಬೇಕಾದ ಸಾಕ್ಷಿ ಒಂದೇ ದಿನ ಸಿಕ್ಕಿತ್ತು.

1995ರಲ್ಲಿ ಕೆವಿನ್ ಗಾರ್ನೆಟ್ ಹೈಸ್ಕೂಲಿನಿಂದ ನೇರ ಬಂದ ಮೇಲೆ ತಂಡಗಳು ಹದಿನೆಂಟರ ಹುಡುಗರ ಬೆನ್ನು ಬಿದ್ದವು. 2001ರ ಮೊದಲ ನಾಲ್ಕು ಆಯ್ಕೆಗಳಲ್ಲಿ ಮೂರು ಹೈಸ್ಕೂಲಿನ ಎತ್ತರದ ಹುಡುಗರೇ. ಮೊದಲನೆಯ ಕ್ವಾಮೆ ಬ್ರೌನ್ ಹೆಸರು ಬೈಗುಳದಂತಾಯಿತು. ಎರಡನೆಯ ಟೈಸನ್ ಚಾಂಡ್ಲರ್ 2011ರಲ್ಲಿ ಡಲ್ಲಾಸ್ ಜೊತೆ ಚಾಂಪಿಯನ್ ಆದರು, ಮರುವರ್ಷ ಅತ್ಯುತ್ತಮ ರಕ್ಷಣಾ ಆಟಗಾರರೂ ಆದರು. ಆದರೆ ಡಲ್ಲಾಸ್ ಅವರಿಗೆ ನಾಲ್ಕನೇ ತಂಡ. ಕಾದವರು ಒಬ್ಬರು, ಉಂಡವರು ಇನ್ನೊಬ್ಬರು. 2006ರ ಡ್ರಾಫ್ಟ್‌ನಿಂದ ಕನಿಷ್ಠ 19 ವರ್ಷ ಎಂಬ ನಿಯಮ ಬಂತು. ಹೈಸ್ಕೂಲಿನ ಬಾಗಿಲು ಮುಚ್ಚಿತು, ಜಗಳ ಮುಚ್ಚಲಿಲ್ಲ.

ಕಾಯುವುದು ಯಾಕೆ ಇಷ್ಟು ಕಷ್ಟ? ಬುಟ್ಟಿಯ ಬಳಿ ಆಡುವ ಎತ್ತರದ ಆಟಗಾರನ, ಅಂದರೆ ಸೆಂಟರ್‌ನ, ಕೆಲಸ ಹೊರಗಿನಿಂದ ಸುಲಭ ಅನ್ನಿಸುತ್ತದೆ. ಚೆಂಡು ಹಿಡಿದ ಎದುರಾಳಿ ಗಾರ್ಡ್, ಜೊತೆಗಾರ ಅಡ್ಡ ನಿಂತು ದಾರಿ ಮಾಡಿಕೊಡುವ 'ಸ್ಕ್ರೀನ್' ಬಳಸಿ ನುಗ್ಗಿದಾಗ ಮುಂದೆ ಹೋಗಬೇಕೋ, ಬುಟ್ಟಿಯ ಕಡೆ ಹಿಂದೆ ಸರಿಯಬೇಕೋ, ಅರೆಕ್ಷಣದಲ್ಲಿ ತೀರ್ಮಾನವಾಗಬೇಕು. ಜೊತೆಯವರಿಗೆ ಕೂಗಿ ಹೇಳಲೂ ಬೇಕು. ಇದು ಆಡಿದರೆ ಮಾತ್ರ ಬರುವ ವಿದ್ಯೆ. ಆಡಿಸಿದರೆ ಪಂದ್ಯ ಸೋಲುತ್ತದೆ, ಬೆಂಚಿನಲ್ಲಿ ಕೂರಿಸಿದರೆ ಹುಡುಗ ಕಲಿಯುವುದಿಲ್ಲ.

ಜೇಮ್ಸ್ ವೈಸ್‌ಮನ್ ಕಥೆಯಲ್ಲಿ ಇದೆಲ್ಲ ಒಟ್ಟಿಗೆ ಸಿಗುತ್ತದೆ. 2019-20ರಲ್ಲಿ ಗೋಲ್ಡನ್ ಸ್ಟೇಟ್ ವಾರಿಯರ್ಸ್ ಬರೀ 15 ಪಂದ್ಯ ಗೆದ್ದಿತ್ತು. ಅದರಿಂದ ಡ್ರಾಫ್ಟ್‌ನಲ್ಲಿ ಎರಡನೇ ಸರದಿ ಸಿಕ್ಕಿತು, ವೈಸ್‌ಮನ್ ಬಂದರು. ಮೆಂಫಿಸ್ ವಿಶ್ವವಿದ್ಯಾಲಯಕ್ಕೆ ಅವರು ಆಡಿದ್ದು ಮೂರೇ ಪಂದ್ಯ. ಆಮೇಲೆ ಒಂದು ವರ್ಷಕ್ಕೂ ಜಾಸ್ತಿ ಪಂದ್ಯವೇ ಇಲ್ಲ. ಕೋವಿಡ್‌ನಿಂದ ತರಬೇತಿ ಶಿಬಿರವೂ ತಪ್ಪಿತು. ಆದರೂ ಮೊದಲ ಪಂದ್ಯದಲ್ಲೇ 19 ಅಂಕ! ಆ ರಾತ್ರಿಯ ಅಂಕವನ್ನು ಅಭಿಮಾನಿಗಳು ಎರಡು ವರ್ಷ ಬಡ್ಡಿ ಸಮೇತ ಖರ್ಚು ಮಾಡಿದರು.

2021ರ ಏಪ್ರಿಲ್‌ನಲ್ಲಿ ವೈಸ್‌ಮನ್ ಮಂಡಿಯ ಮಿನಿಸ್ಕಸ್ (ಮೃದ್ವಸ್ಥಿ) ಹರಿಯಿತು. ಮುಂದಿನ ಇಡೀ ಋತು ಹೋಯಿತು. ಅದೇ ಋತುವಿನಲ್ಲಿ ತಂಡ ಚಾಂಪಿಯನ್ ಆಯಿತು. ಒಳಗೆ ನಿಂತು ದುಡಿದವರು ಆರಡಿ ಒಂಬತ್ತಿಂಚಿನ ಕೆವನ್ ಲೂನಿ. ಹಾರುವವರಲ್ಲ, ಸುಮ್ನೆ ಸರಿಯಾದ ಜಾಗದಲ್ಲಿ ನಿಲ್ಲುವವರು. 82ಕ್ಕೆ 82 ಪಂದ್ಯವೂ ಆಡಿದರು. ಡ್ರಾಫ್ಟ್‌ನಲ್ಲಿ ಅವರ ಸಂಖ್ಯೆ 30. ಇತ್ತ ಹಳೇ ತಾರೆಗಳ ಜೊತೆ ಗೆಲ್ಲುತ್ತಲೇ ಎಳೆಯರನ್ನೂ ಬೆಳೆಸುವ ಯೋಜನೆ ಕಾಗದದ ಮೇಲೆ ಚಂದವಿತ್ತು. ಆದರೆ ಸ್ಟೆಫ್ ಕರಿ ಪಕ್ಕದಲ್ಲಿ ನಿಂತು ತಪ್ಪು ಮಾಡುತ್ತಾ ಕಲಿಯಲು ಯಾವ ಹುಡುಗನಿಗೆ ನಿಮಿಷ ಸಿಗುತ್ತದೆ? 2022ರ ನವೆಂಬರ್‌ನಲ್ಲಿ ವೈಸ್‌ಮನ್‌ರನ್ನು ಎನ್‌ಬಿಎ ಕೆಳಗಿನ ಜಿ ಲೀಗ್‌ಗೆ ಕಳಿಸಿದರು. 2023ರ ಫೆಬ್ರವರಿಯಲ್ಲಿ ಡೆಟ್ರಾಯಿಟ್‌ಗೆ ದಾಟಿಸಿದರು.

ಕೆಳಗಿನ ಲೀಗ್‌ಗೆ ಹೋಗುವುದೇ ಅವಮಾನವೇ? ಅದು ಹುಡುಗನ ಡ್ರಾಫ್ಟ್ ಸಂಖ್ಯೆ ನೋಡಿ ಹೇಳುವ ಮಾತು. 2009ರಲ್ಲಿ ಎರಡನೆಯವರಾಗಿ ಬಂದ ಹಶೀಮ್ ಥಬೀಟ್‌ರನ್ನು ಕಳಿಸಿದಾಗ ಎಲ್ಲ ಮುಗಿಯಿತು ಅಂದರು. 2013ರಲ್ಲಿ 27ನೆಯವರಾಗಿ ಬಂದ ರೂಡಿ ಗೋಬರ್ಟ್ ಕೂಡ ಮೊದಲ ವರ್ಷ ಅಲ್ಲಿಗೆ ಹೋಗಿದ್ದರು. ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ಮುಂದೆ ನಾಲ್ಕು ಸಲ ಅತ್ಯುತ್ತಮ ರಕ್ಷಣಾ ಆಟಗಾರರಾದರು.

ನಮಗೂ ಈ ಜ್ವರ ಹತ್ತಿತ್ತು, ಅಲ್ವಾ? 2015ರಲ್ಲಿ ಪಂಜಾಬಿನ ಬಲ್ಲೋಕೆ ಹಳ್ಳಿಯ ಸತ್ನಾಮ್ ಸಿಂಗ್‌ರನ್ನು ಡಲ್ಲಾಸ್ 52ನೆಯವರಾಗಿ ಆರಿಸಿತು. ಭಾರತದಿಂದ ಅವರೇ ಮೊದಲಿಗರು. ಏಳಡಿ ಎರಡಿಂಚು ಅಂತ ನಾವೆಲ್ಲ ಎದೆ ಉಬ್ಬಿಸಿ ಹೇಳಿದ್ದೇ ಹೇಳಿದ್ದು. ಪಾದದ ಚಲನೆ ಹೇಗಿದೆ ಎಂದು ಕೇಳಿದವರು ಕಡಿಮೆ. ಎನ್‌ಬಿಎಯಲ್ಲಿ ಒಂದು ಪಂದ್ಯವೂ ಸಿಗಲಿಲ್ಲ.

ವೈಸ್‌ಮನ್ 2024ರ ಅಕ್ಟೋಬರ್‌ನಲ್ಲಿ ಇಂಡಿಯಾನಾ ಪರ ಮೊದಲ ಪಂದ್ಯಕ್ಕಿಳಿದರು. ಅಂದೇ ಹಿಮ್ಮಡಿಯ ಅಕಿಲೀಸ್ ಸ್ನಾಯುರಜ್ಜು ಹರಿಯಿತು. ಆಗ ಅವರಿಗೆ 23 ವರ್ಷ. ಪೋರ್ಟ್‌ಲ್ಯಾಂಡ್ ಬೆಂಚಿನಲ್ಲಿ ನಾಲ್ಕು ವರ್ಷ ಕೂತೆದ್ದು ಇದೇ ಇಂಡಿಯಾನಾಕ್ಕೆ ಬಂದ ಜರ್ಮೇನ್ ಓನೀಲ್, 2002ರಲ್ಲಿ ಅತಿ ಹೆಚ್ಚು ಸುಧಾರಿಸಿದ ಆಟಗಾರ ಎನ್ನಿಸಿಕೊಂಡಾಗ ಅವರಿಗೂ 23.