ಜಾಗ ಬದಲಿಸಿದ ಮನೆ ಅದೇ ಮನೆಯೇ?

ಪ್ರಶ್ನೆ: ಅಮೆರಿಕದ ಆರೆಗಾನ್ ಸಿಟಿಯಲ್ಲಿ ವಸ್ತುಸಂಗ್ರಹಾಲಯವಾಗಿರುವ ಮೆಕ್‌ಲಾಫ್ಲಿನ್ ಮನೆ ಮೊದಲು ಈಗಿನ ಜಾಗದಲ್ಲಿ ಇರಲಿಲ್ಲವಂತೆ. ಹಾಗಾದರೆ ಪ್ರವಾಸಿಗರು ನೋಡುವುದು ಅಸಲಿ ಮನೆಯನ್ನೇ?

ಉತ್ತರ: ಮನೆ ಅಸಲಿಯೇ, ನೆಲ ಮಾತ್ರ ಬೇರೆ. ತುಪ್ಪಳದ ವ್ಯಾಪಾರ ನಡೆಸುತ್ತಿದ್ದ ಬ್ರಿಟಿಷರ ಹಡ್ಸನ್ಸ್ ಬೇ ಕಂಪನಿಯ ಫೋರ್ಟ್ ವ್ಯಾಂಕೂವರ್ ಠಾಣೆಯ ಮುಖ್ಯಾಧಿಕಾರಿಯಾಗಿದ್ದ ಡಾ. ಜಾನ್ ಮೆಕ್‌ಲಾಫ್ಲಿನ್, ಪೂರ್ವದಿಂದ ಪಶ್ಚಿಮಕ್ಕೆ ವಲಸೆ ಬರುವವರ ದೂರದ ಆರೆಗಾನ್ ಹಾದಿ ಸವೆಸಿ ಹಸಿದು ಬಂದ ವಲಸಿಗರಿಗೆ ಬೀಜ, ದವಸಗಳನ್ನು ಸಾಲವಾಗಿ ಕೊಟ್ಟು ಮೇಲಿನವರ ಅಸಮಾಧಾನಕ್ಕೆ ಗುರಿಯಾದರು. ಕೆಲಸ ಬಿಟ್ಟ ಬಳಿಕ, 1846ರಲ್ಲಿ, ಪತ್ನಿ ಮಾರ್ಗರೆಟ್ ಮತ್ತು ಕುಟುಂಬದೊಂದಿಗೆ ಈ ಎರಡಂತಸ್ತಿನ ಮರದ ಮನೆಗೆ ಬಂದು ನೆಲೆಸಿದರು. ಆಗ ಅದು ವಿಲ್ಲಾಮೆಟ್ ನದಿಯ ಜಲಪಾತಕ್ಕೆ ಹತ್ತಿರದಲ್ಲಿ, ದಡದ ಮೇಲಿತ್ತು. ಗಿರಣಿಗಳನ್ನು ನಡೆಸುವ ನೀರಿನ ಬಲವಿದ್ದ ಆ ಜಾಗದ ಬೆಲೆಯನ್ನು ಅವರು ಬಲ್ಲವರಾಗಿದ್ದರು. (ಅವರಿಗಿಂತ ಬಹಳ ಮೊದಲಿನಿಂದಲೂ ಅಲ್ಲಿನ ಮೂಲನಿವಾಸಿಗಳಾದ ಕ್ಲಾಕಮಸ್ ಜನರು ಅಲ್ಲಿ ಮೀನು ಹಿಡಿಯುತ್ತಿದ್ದರು; ಅವರ ಹಕ್ಕನ್ನು ಆಗ ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ.)

ಆ ಜಾಗ ಮೆಕ್‌ಲಾಫ್ಲಿನ್ನರ ಕೈಯಲ್ಲೂ ಉಳಿಯಲಿಲ್ಲ. ವಲಸಿಗರಿಗೆ ಜಮೀನು ಹಂಚಲು ಅಮೆರಿಕ ಮಾಡಿದ 1850ರ ಭೂಕಾಯ್ದೆಯ ಹನ್ನೊಂದನೆಯ ಕಲಮು ಅವರ ಹಕ್ಕನ್ನು ಕಿತ್ತುಕೊಂಡಿತು. 1857ರಲ್ಲಿ ಅವರು ತೀರಿಕೊಂಡ ಐದು ವರ್ಷಗಳ ನಂತರವಷ್ಟೇ, ಒಂದು ಸಾವಿರ ಡಾಲರ್ ಕಟ್ಟಿಸಿಕೊಂಡು, ವಾರಸುದಾರರಿಗೆ ಅದನ್ನು ಮರಳಿಸಲಾಯಿತು. ಮನೆ ಮುಂದೆ ಪರರ ಕೈಸೇರಿ ವಸತಿಗೃಹವಾಗಿ, ಕೆಟ್ಟ ಹೆಸರನ್ನೂ ಹೊತ್ತಿತು.

1909ರಲ್ಲಿ ಕಾಗದದ ಕಾರ್ಖಾನೆಯ ವಿಸ್ತರಣೆಗೆ ಅದು ನೆಲಸಮವಾಗಲಿದ್ದಾಗ, ಊರಿನವರು ಸ್ಮಾರಕ ಸಂಘ ಕಟ್ಟಿ, ಇಡೀ ಮನೆಯನ್ನು ಬುನಾದಿಯಿಂದ ಬಿಡಿಸಿ, ಕಡಿದಾದ ಸಿಂಗರ್ ಹಿಲ್ ರಸ್ತೆಯಲ್ಲಿ ಕುದುರೆಯ ಬಲದಿಂದ ಮೇಲಕ್ಕೆ ಎಳೆದು ತಂದರು. ಮೇಲೆ ಅದಕ್ಕೆ ಸಿಕ್ಕಿದ್ದು ಮೆಕ್‌ಲಾಫ್ಲಿನ್ನರೇ ಊರಿಗೆ ಬಿಟ್ಟುಕೊಟ್ಟಿದ್ದ ಸಾರ್ವಜನಿಕ ಜಾಗ. ಮರದ ಚೌಕಟ್ಟಿನ ಮನೆಯಾದ್ದರಿಂದ ಇದು ಸಾಧ್ಯವಾಯಿತು. ನಮ್ಮ ಮಣ್ಣಿನ ಗೋಡೆಯ ತೊಟ್ಟಿಮನೆಯನ್ನು ಹಾಗೆ ಕದಲಿಸಲಾಗದು. ಮಾರನೆಯ ವರ್ಷವೇ ಅದು ಸಂಗ್ರಹಾಲಯವಾಗಿ ತೆರೆಯಿತು. 2003ರಿಂದ ರಾಷ್ಟ್ರೀಯ ಉದ್ಯಾನ ಸೇವೆಯ ವಶದಲ್ಲಿದೆ.

ಆದರೂ, ನನ್ನ ಮಟ್ಟಿಗೆ, ಈ ಸ್ಥಳಾಂತರದಲ್ಲಿ ಒಂದು ನಷ್ಟವಿದೆ: ಬೆಟ್ಟದ ಮೇಲಿನ ಹುಲ್ಲುಹಾಸಿನ ನಡುವೆ ನಿಂತ ಮನೆ, ಅದನ್ನು ಮೊದಲು ನದಿಯ ದಡದಲ್ಲೇ ಏಕೆ ಕಟ್ಟಿದರೆಂಬುದನ್ನು ತಾನಾಗಿ ಹೇಳಲಾರದು. ಹೋದವರು ಜಲಪಾತವನ್ನು ಮೊದಲು ನೋಡಿ, ಆಮೇಲೆ ಮನೆಗೆ ಬರುವುದು ಒಳ್ಳೆಯದು. ಮನೆಯ ಪಕ್ಕದಲ್ಲೇ ದಂಪತಿಯ ಸಮಾಧಿಗಳಿವೆ. ಅವೂ ಮೂಲದಲ್ಲಿ ಅಲ್ಲಿದ್ದವಲ್ಲ, 1970ರಲ್ಲಿ ಮನೆಯನ್ನು ಹಿಂಬಾಲಿಸಿ ಬಂದವು.