ಫ್ಯಾನ್ ನಿಧಾನವಾಗುವುದು ಯಾಕೆ?

ಮಲೆನಾಡಿನಲ್ಲಿ ಫ್ಯಾನಿಗೆ ಬೇಸಿಗೆಗಿಂತ ಮಳೆಗಾಲದಲ್ಲೇ ಕೆಲಸ ಹೆಚ್ಚು. ಮೂಡಿಗೆರೆ, ಕಳಸ, ಕೊಪ್ಪದ ಕಡೆ ಮಳೆ ಹಿಡಿಯಿತೆಂದರೆ ಬಿಸಿಲು ಕಾಣುವುದೇ ಅಪರೂಪ. ಮಕ್ಕಳ ಯೂನಿಫಾರಂ ಒಣಗಬೇಕಾದರೆ ನಡುಮನೆಯಲ್ಲಿ ಹಗ್ಗ ಕಟ್ಟಿ ರಾತ್ರಿಯಿಡೀ ಫ್ಯಾನ್ ಹಾಕಿಡಬೇಕು. ಹೀಗೆ ದುಡಿದ ಫ್ಯಾನು ಕೆಲವು ಮಳೆಗಾಲ ಕಳೆಯುವಷ್ಟರಲ್ಲಿ ಸೋಲತೊಡಗುತ್ತದೆ. ರೆಗ್ಯುಲೇಟರನ್ನು ಐದಕ್ಕೆ ತಿರುಗಿಸಿದರೂ ಎರಡರಲ್ಲಿದ್ದಂತೆ ಸುತ್ತುತ್ತದೆ. ಕೊನೆಗೊಂದು ದಿನ ಗುಂಯ್‌ಗುಡುತ್ತ ನಿಂತೇ ಬಿಡುತ್ತದೆ. ‘ಕಾಯಿಲ್ ಸುಟ್ಟಿರಬೇಕು’ ಎಂದು ಅದನ್ನು ಇಳಿಸಿ ಗುಜರಿಗೆ ಹಾಕುವುದನ್ನು ಕಂಡಾಗಲೆಲ್ಲ ನನಗೆ ಹೊಟ್ಟೆ ಉರಿಯುತ್ತದೆ. ಅಂಥ ಬಹುಪಾಲು ಫ್ಯಾನ್‌ಗಳಲ್ಲಿ ಕಾಯಿಲ್ ನೆಟ್ಟಗೇ ಇರುತ್ತದೆ. ಕೆಟ್ಟಿರುವುದು ನೂರು ರೂಪಾಯಿಯೊಳಗೆ ಸಿಗುವ ಒಂದು ಬಿಡಿಭಾಗ: ಅಂಗಡಿಯವರು ಕಂಡೆನ್ಸರ್ ಎನ್ನುವ ಕೆಪಾಸಿಟರ್.

ಸಾಮಾನ್ಯ ಸೀಲಿಂಗ್ ಫ್ಯಾನಿನಲ್ಲಿ ತಂತಿಯ ಎರಡು ಸುರುಳಿಗಳಿವೆ, ಕಾಯಿಲ್ ಎನ್ನುವುದು ಇವನ್ನೇ. ಒಂದಕ್ಕೆ ಕರೆಂಟು ನೇರವಾಗಿ ಹೋಗುತ್ತದೆ, ಇನ್ನೊಂದಕ್ಕೆ ಕಂಡೆನ್ಸರ್ ಮೂಲಕ. ಕಂಡೆನ್ಸರ್ ದಾಟಿದ ಕರೆಂಟಿನ ಏರಿಳಿತ ಮೊದಲನೆಯದಕ್ಕಿಂತ ಸ್ವಲ್ಪ ಮುಂದಿರುತ್ತದೆ. ಹೀಗಾಗಿ ಎರಡು ಸುರುಳಿಗಳ ಕಾಂತಬಲ ಒಂದಾದ ಮೇಲೊಂದು ಏರಿ ಇಳಿದು, ಒಟ್ಟಾರೆ ಕಾಂತಕ್ಷೇತ್ರವೇ ಸುತ್ತತೊಡಗುತ್ತದೆ. ಮೋಟರಿನ ತಿರುಗುವ ಭಾಗವಾದ ರೋಟರ್ ಅದರ ಬೆನ್ನು ಹತ್ತುತ್ತದೆ. ಕಂಡೆನ್ಸರ್ ಸತ್ತರೆ ಕ್ಷೇತ್ರ ನಿಂತಲ್ಲೇ ಏರಿಳಿಯುತ್ತದೆ, ಸುತ್ತುವುದಿಲ್ಲ. ಎಡಕ್ಕೋ ಬಲಕ್ಕೋ ಎಂದು ರೋಟರಿಗೆ ದಿಕ್ಕು ತೋಚುವುದಿಲ್ಲ. ಇದನ್ನು ಮನೆಯಲ್ಲೇ ನೋಡಬಹುದು. ಗುಂಯ್‌ಗುಡುತ್ತ ನಿಂತ ಫ್ಯಾನಿನ ರೆಕ್ಕೆಯನ್ನು ಒಣ ಕೋಲಿನಿಂದ ಮೆಲ್ಲಗೆ ತಳ್ಳಿ. ಬಲಕ್ಕೆ ತಳ್ಳಿದರೆ ಬಲಕ್ಕೆ, ಎಡಕ್ಕೆ ತಳ್ಳಿದರೆ ಎಡಕ್ಕೆ ಸುತ್ತಲು ಶುರುಮಾಡಿದರೆ ಅನುಮಾನವೇ ಬೇಡ, ತೊಂದರೆ ಕಂಡೆನ್ಸರಿನ ಕಡೆಯದು.

ಆದರೆ ಅದು ಒಂದೇ ಏಟಿಗೆ ಸಾಯದೆ ವರ್ಷಗಟ್ಟಲೆ ಸೊರಗುವುದೇಕೆ? ಈ ಡಬ್ಬಿಯೊಳಗೆ ಕೆಲವೇ ಮೈಕ್ರಾನ್ ದಪ್ಪದ ಪ್ಲಾಸ್ಟಿಕ್ ಹಾಳೆಯ ಸುರುಳಿ ಇದೆ. ಹಾಳೆಯ ಮೇಲೆ ಅದಕ್ಕಿಂತಲೂ ಎಷ್ಟೋ ತೆಳುವಾದ ಲೋಹದ ಲೇಪವಿದೆ. ಒಮ್ಮೆಲೇ ವೋಲ್ಟೇಜ್ ಏರಿದಾಗ ಹಾಳೆಯಲ್ಲಿ ಎಲ್ಲೋ ಒಂದು ಕಡೆ ಸೂಜಿಮೊನೆಯಷ್ಟು ತೂತು ಬೀಳುತ್ತದೆ. ಆ ಕಿಡಿಯ ಬಿಸಿಗೆ ತೂತಿನ ಸುತ್ತಲಿನ ಲೋಹ ಆವಿಯಾಗಿ, ಶಾರ್ಟ್ ಆಗಬೇಕಿದ್ದ ಜಾಗ ತಾನಾಗಿಯೇ ಪ್ರತ್ಯೇಕವಾಗುತ್ತದೆ. ಗಾಯ ತಾನೇ ಮಾಯುವ ಈ ಏರ್ಪಾಟು ಎಂಜಿನಿಯರುಗಳ ಜಾಣ್ಮೆಗೆ ಸಾಕ್ಷಿ. ಆದರೆ ಪ್ರತಿ ಸಲವೂ ಒಂದಿಷ್ಟು ಲೋಹ ಕಳೆದುಹೋಗುತ್ತದೆ, ಚಾರ್ಜ್ ಹಿಡಿದಿಡುವ ಧಾರಣಶಕ್ತಿ ತುಸು ಇಳಿಯುತ್ತದೆ. ಅದು ಇಳಿದಷ್ಟೂ ಎರಡನೆಯ ಸುರುಳಿಗೆ ಹೋಗುವ ಕರೆಂಟು ಕಡಿಮೆಯಾಗಿ ಫ್ಯಾನು ನಿಧಾನವಾಗುತ್ತದೆ. ಒಳಸೇರಿದ ತೇವವೂ ಲೇಪವನ್ನು ತಿನ್ನುತ್ತದೆ. ಧಾರಣಶಕ್ತಿಯನ್ನು ಅಳೆಯುವುದು ಮೈಕ್ರೋಫ್ಯಾರಡ್‌ನಲ್ಲಿ. 2.5 ಮೈಕ್ರೋಫ್ಯಾರಡ್ ಎಂದು ಬರೆದಿರುವ ಹಳೆಯ ಕಂಡೆನ್ಸರನ್ನು ಮಲ್ಟಿಮೀಟರಿಗೆ ಹಿಡಿದರೆ 1.5 ತೋರಿಸುವುದುಂಟು. ಆ ಮನೆಯ ಲೈನು ಕಂಡ ಏರಿಳಿತದ ಲೆಕ್ಕವೆಲ್ಲ ಆ ಅಂಕಿಯಲ್ಲಿದೆ.

ಏರಿಳಿತಕ್ಕೆ ನಮ್ಮಲ್ಲಿ ಬರವಿಲ್ಲ. ಕಾಫಿ ತೋಟಗಳ ನಡುವೆ, ನೆರಳಿನ ಮರಗಳ ಕೆಳಗೆ ಹಾದುಹೋದ ತಂತಿಯ ಮೇಲೆ ಗಾಳಿ-ಮಳೆಗೆ ಕೊಂಬೆ ಬೀಳುತ್ತದೆ. ಕರೆಂಟು ತರುವ ಫೇಸ್ ತಂತಿ ತುಂಡಾದರೆ ಮನೆಯೊಳಗೆ ಕತ್ತಲಾಗುತ್ತದೆ, ಅಷ್ಟೇ. ಕರೆಂಟು ಮರಳುವ ನ್ಯೂಟ್ರಲ್ ತುಂಡಾದರೆ ಮನೆಯ ಸಾಮಾನಿಗೆ ಅಪಾಯ ಹೆಚ್ಚು. ಲೈನಿನಲ್ಲಿ ಮೂರು ಫೇಸ್‌ಗಳಿದ್ದು, ಬೇರೆ ಬೇರೆ ಮನೆಗಳಿಗೆ ಬೇರೆ ಬೇರೆ ಫೇಸ್ ಹೋಗಿರುತ್ತದೆ. ಒಂದು ಫೇಸ್ ಮತ್ತು ನ್ಯೂಟ್ರಲ್ ನಡುವೆ 230 ವೋಲ್ಟ್ ಇದ್ದರೆ ಎರಡು ಫೇಸ್‌ಗಳ ನಡುವೆ 400 ಇರುತ್ತದೆ. ನ್ಯೂಟ್ರಲ್ ಹೋದಾಗ ಬೇರೆ ಬೇರೆ ಫೇಸಿನ ಎರಡು ಮನೆಗಳು ಆ 400 ವೋಲ್ಟನ್ನು ತಮ್ಮೊಳಗೆ ಹಂಚಿಕೊಳ್ಳುತ್ತವೆ. ಹೀಟರ್ ಹಾಕಿದ ಮನೆಗೆ ಕಡಿಮೆ ಪಾಲು. ಒಂದೆರಡು ಬಲ್ಬು, ಟಿವಿ ಮಾತ್ರ ಹಾಕಿಕೊಂಡವರಿಗೆ ಮುನ್ನೂರಕ್ಕೂ ಮೇಲೆ. ಮಿತವಾಗಿ ಕರೆಂಟು ಬಳಸುವ ಮನೆಯ ಸಾಮಾನೇ ಸುಡುವುದು ಅನ್ಯಾಯವೆನಿಸಿದರೂ ಓಮನ ನಿಯಮ ಹೇಳುವುದು ಹಾಗೆಯೇ. ಬಲ್ಬುಗಳು ಇದ್ದಕ್ಕಿದ್ದಂತೆ ಪ್ರಜ್ವಲಿಸಿದರೆ ಕಾರಣ ಹುಡುಕುತ್ತ ಕೂರಬೇಡಿ, ಮೊದಲು ಮೇನ್ ಸ್ವಿಚ್ ಇಳಿಸಿ.

ಕಂಡೆನ್ಸರ್ ಬದಲಿಸುವುದು ಕಷ್ಟವಲ್ಲ. ಬೇರೆ ಕೋಣೆಯ ಫ್ಯಾನ್ ಚೆನ್ನಾಗಿ ಸುತ್ತುತ್ತಿದ್ದರೆ ಲೈನಿನ ವೋಲ್ಟೇಜಿನ ತಪ್ಪಲ್ಲವೆಂದು ಖಚಿತ. ಮೇನ್ ಇಳಿಸಿ, ಟೆಸ್ಟರ್ ಹಚ್ಚಿ ನೋಡಿ, ಆಮೇಲಷ್ಟೇ ಏಣಿ ಹತ್ತಿ. ಮೊದಲು ರೆಕ್ಕೆಯನ್ನು ಕೈಯಲ್ಲಿ ತಿರುಗಿಸಿ ಬೇರಿಂಗ್ ಬಿಗಿಯಾಗಿಲ್ಲವೆಂದು ನೋಡಿಕೊಳ್ಳಿ. ಹಳೆಯ ಕಂಡೆನ್ಸರಿನಲ್ಲಿ ಚಾರ್ಜ್ ಉಳಿದಿರಬಹುದಾದ್ದರಿಂದ ತಂತಿಗಳ ತುದಿಯನ್ನು ಬೆರಳಿನಿಂದ ಮುಟ್ಟುವ ಮೊದಲು ಹೋಲ್ಡರಿನಲ್ಲಿರುವ ಹಳೆಯ ಗುಂಡು ಬಲ್ಬಿನ ಎರಡು ವೈರುಗಳನ್ನು ಅವಕ್ಕೆ ತಾಗಿಸಿ. ಈ ಕಂಡೆನ್ಸರಿಗೆ ಪ್ಲಸ್-ಮೈನಸ್ ಇಲ್ಲ, ಯಾವ ವೈರನ್ನು ಯಾವುದಕ್ಕೆ ಜೋಡಿಸಿದರೂ ಸರಿ. ಮೈಕ್ರೋಫ್ಯಾರಡ್ ಅಂಕಿ ಮಾತ್ರ ಹಳೆಯದರ ಮೇಲೆ ಬರೆದಷ್ಟೇ ಇರಲಿ. ಜೋರಾಗಿ ತಿರುಗಲೆಂದು 2.5ರ ಜಾಗಕ್ಕೆ 4 ಹಾಕುವವರಿದ್ದಾರೆ. ಸುರುಳಿಯಲ್ಲಿ ಕರೆಂಟು ಹೆಚ್ಚಿ, ಆಗ ನಿಜಕ್ಕೂ ಕಾಯಿಲ್ ಸುಡಬಹುದು. ಎಲೆಕ್ಟ್ರಾನಿಕ್ಸ್‌ನಿಂದ ಓಡುವ ಹೊಸ ಬಗೆಯ, ರಿಮೋಟಿನ ಬಿಎಲ್‌ಡಿಸಿ ಫ್ಯಾನುಗಳಿಗೆ ಈ ಮಾತು ಅನ್ವಯಿಸುವುದಿಲ್ಲ. ಅವುಗಳೊಳಗೆ ಇರುವುದು ಸರ್ಕ್ಯೂಟ್ ಬೋರ್ಡು.

ಟಿವಿ, ಸೆಟ್-ಟಾಪ್ ಬಾಕ್ಸುಗಳಲ್ಲೂ ಮೊದಲು ಸಾಯುವುದು ಅನೇಕ ಸಲ ಕಂಡೆನ್ಸರೇ, ಆದರೆ ಅದರ ಜಾತಿ ಬೇರೆ. ಅದರೊಳಗಿನ ದ್ರವ ಬಿಸಿಗೆ ಮೆಲ್ಲಗೆ ಒಣಗುತ್ತದೆ. ತಾಪ ಹತ್ತು ಡಿಗ್ರಿ ಏರಿದರೆ ಆಯುಷ್ಯ ಸುಮಾರು ಅರ್ಧಕ್ಕಿಳಿಯುತ್ತದೆ. ತಲೆ ಉಬ್ಬಿದ್ದರೆ ಅದು ಕೆಟ್ಟಿದೆ ಎಂದೇ ಅರ್ಥ. ಆದರೆ ಟಿವಿಯ ಪವರ್ ಸಪ್ಲೈಯಲ್ಲಿ ಪ್ಲಗ್ ಕಿತ್ತ ಮೇಲೂ ಮುನ್ನೂರು ವೋಲ್ಟಿಗೂ ಹೆಚ್ಚು ಉಳಿದಿರಬಹುದು. ಬೆಸುಗೆಯಲ್ಲಿ ಕೈ ಪಳಗಿದವರಷ್ಟೇ ಅದರೊಳಗೆ ಕೈಹಾಕಲಿ. ಮೈಕ್ರೋವೇವ್ ಓವನ್ನಿನ ಕಂಡೆನ್ಸರಿನಲ್ಲಿ ಎರಡು ಸಾವಿರ ವೋಲ್ಟಿಗೂ ಮೇಲಿರುತ್ತದೆ. ಅದು ಕೊಲ್ಲುತ್ತದೆ. ಅದರ ಮುಚ್ಚಳಕ್ಕೆ ಸ್ಕ್ರೂಡ್ರೈವರ್ ಹಾಕಬೇಡಿ.